ನಮ್ಮ ಟೀಮಿಗೇ ಯಾಕೆ ಬರ್ತಾನೆ ಆ ನೂಬು?

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಇದ್ದರೆ ರಾತ್ರಿ ಊಟ ಆದಮೇಲೆ ಒಂದು ಕೂಗಾಟ ನಿಮ್ಮ ಕಿವಿಗೂ ಬಿದ್ದಿರುತ್ತದೆ. ‘ಏ, ಏನ್ ಮಾಡ್ತಿದೀಯ ಅಲ್ಲಿ? ಸ್ಮೋಕ್ ಹಾಕು!’ ರೂಮಿನಲ್ಲಿ ನೋಡಿದರೆ ಬೇರೆ ಯಾರೂ ಇಲ್ಲ. ಬೈಸಿಕೊಳ್ಳುತ್ತಿರುವವನು ಇಂದೋರಿನಲ್ಲೋ ಕೊಚ್ಚಿಯಲ್ಲೋ ಕೂತಿರುತ್ತಾನೆ. ಬೈಗುಳ ಅರ್ಧ ಹಿಂದಿ, ಅರ್ಧ ಇಂಗ್ಲಿಷು. ಸಿಟ್ಟು ಜಾಸ್ತಿಯಾದರೆ ಪೂರ್ತಿ ಕನ್ನಡ.

ಗೊತ್ತಿಲ್ಲದವರಿಗೆ ಆಟದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಎರಡೂ ಬಂದೂಕಿನ ಆಟಗಳು. ಮೊಬೈಲಿನಲ್ಲಿ ಆಡುವ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, 2021ರ ಜುಲೈನಲ್ಲಿ ಬಂತು. ಸುಮಾರು ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ನಾಲ್ಕು ನಾಲ್ಕು ಜನರ ಸ್ಕ್ವಾಡ್. ಕಂಪ್ಯೂಟರಿನಲ್ಲಿ ಆಡುವ ವ್ಯಾಲರಂಟ್ 2020ರದ್ದು. ಅದರಲ್ಲಿ ಐವರು ಈ ಕಡೆ, ಐವರು ಆ ಕಡೆ, ಮೊದಲು 13 ಸುತ್ತು ಗೆದ್ದವರದು ಆಟ. ಎರಡರಲ್ಲೂ ಜೊತೆಗೆ ಸ್ನೇಹಿತರಿಲ್ಲದಿದ್ದರೆ ಯಾರೋ ಅಪರಿಚಿತರನ್ನು ಆಟವೇ ಸೇರಿಸಿಕೊಡುತ್ತದೆ. ಇವರನ್ನೇ ‘ರ‍್ಯಾಂಡಮ್ಸ್’ ಅನ್ನುವುದು. ತಕರಾರೆಲ್ಲ ಶುರುವಾಗುವುದು ಇವರಿಂದಲೇ.

ಆಡುವ ಪ್ರತಿಯೊಬ್ಬರೂ ಹೇಳುವ ಮಾತು ಒಂದಿದೆ: ‘ನಂಗೇ ಯಾಕೆ ಗುರು ಯಾವಾಗಲೂ ಇಂಥ ಟೀಮ್ ಸಿಗೋದು?’ ಸ್ವಲ್ಪ ಲೆಕ್ಕ ಹಾಕಿ. ವ್ಯಾಲರಂಟಿನಲ್ಲಿ ನಿಮ್ಮನ್ನು ಬಿಟ್ಟರೆ ಒಂಬತ್ತು ಜನ. ನಾಲ್ವರು ನಿಮ್ಮ ಕಡೆ, ಐವರು ಎದುರಾಳಿಗಳು. ಆ ಒಂಬತ್ತರಲ್ಲಿ ಒಬ್ಬ ನೂಬು, ಅಂದರೆ ಆಡೋಕೆ ಬರದವನು, ಇದ್ದರೆ ಅವನು ಎದುರಿನ ಟೀಮಿನಲ್ಲಿರುವ ಸಾಧ್ಯತೆಯೇ ತುಸು ಹೆಚ್ಚು. ಆದರೆ ಅಲ್ಲಿನ ನೂಬನನ್ನು ನಾವು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅವನನ್ನು ಹೊಡೆದಾಗ ‘ನಾನು ಏನ್ ಆಡಿದೆ!’ ಅಂದುಕೊಂಡು ಮುಂದೆ ಹೋಗುತ್ತೇವೆ.

ಇನ್ನು ಸ್ಕೋರ್‌ಬೋರ್ಡ್. ಜಗಳಕ್ಕೆಲ್ಲ ಸಾಕ್ಷಿ ಇದೇ. ಯಾರು ಎಷ್ಟು ಕಿಲ್, ಎಷ್ಟು ಸಲ ಸತ್ತ ಅನ್ನುವುದು ಸಾಲಾಗಿ ಕಾಣುತ್ತದೆ, ಕೆಳಗಿದ್ದವನು ದಂಡ ಅಂತ ತೀರ್ಮಾನ. ಊರಿನ ವಾಲಿಬಾಲ್ ಮೈದಾನದಲ್ಲೂ ಹೀಗೇ ಅಲ್ವಾ? ಸ್ಮ್ಯಾಶ್ ಹೊಡೆದವನಿಗೆ ಶಿಳ್ಳೆ, ಚೆಂಡು ಎತ್ತಿಕೊಟ್ಟ ಲಿಫ್ಟರ್ ಹೆಸರು ಯಾರಿಗೂ ಬೇಡ. ವ್ಯಾಲರಂಟಿನಲ್ಲಿ ಓಮೆನ್, ಬ್ರಿಮ್‌ಸ್ಟೋನ್ ಪಾತ್ರ ತೆಗೆದುಕೊಂಡವರ ಕೆಲಸ ಹೊಗೆ ಹಾಕಿ ಎದುರಾಳಿಯ ನೋಟ ಮುಚ್ಚುವುದು. ಸೇಜ್ ಆಡುವವಳು ಗೋಡೆ ಎಬ್ಬಿಸುತ್ತಾಳೆ, ಗಾಯ ವಾಸಿ ಮಾಡುತ್ತಾಳೆ. ಅವಳು ಕಟ್ಟಿದ ಗೋಡೆಯಿಂದ ಒಂದು ಸುತ್ತು ಉಳಿದರೂ ಸ್ಕೋರ್‌ಬೋರ್ಡಿನಲ್ಲಿ ಒಂದು ಕಿಲ್ ಕೂಡ ಸೇರುವುದಿಲ್ಲ. ಹಾಗಾಗಿ ಬೈಯುವ ಮೊದಲು ಅವನು ಯಾವ ಪಾತ್ರ ತೆಗೆದುಕೊಂಡಿದ್ದಾನೆ ನೋಡಿ. ಜೆಟ್ ತೆಗೆದುಕೊಂಡು ಮೊದಲು ನುಗ್ಗಬೇಕಾದವನು ಎಲ್ಲರ ಹಿಂದೆ ಅಡಗಿ ಕೂತಿದ್ದರೆ, ಆ ದೂರು ಬೇರೆ. ಅದು ನ್ಯಾಯವಾದದ್ದೇ.

ವ್ಯಾಲರಂಟಿನಲ್ಲಿ ಆಟದೊಳಗಿನ ದುಡ್ಡಿನ ಕತೆಯೂ ಇದೆ. ಮೊದಲ ಸುತ್ತಿಗೆ ಎಲ್ಲರ ಕೈಯಲ್ಲೂ 800 ಕ್ರೆಡಿಟ್. ವ್ಯಾಂಡಲ್ ಬಂದೂಕಿಗೆ 2900. ಪ್ರತಿ ಕಿಲ್‌ಗೆ 200 ಸಿಗುತ್ತದೆ, ಬದುಕಿ ಉಳಿದರೆ ಬಂದೂಕೂ ಉಳಿಯುತ್ತದೆ. ಅಂದರೆ ಸರಿಯಾಗಿ ಆಡದವನು ಪದೇ ಪದೇ ಸಾಯುತ್ತಾನೆ, ಪ್ರತಿ ಸಲ ಹೊಸದಾಗಿ ಕೊಳ್ಳಬೇಕು, ಕಿಲ್ ಇಲ್ಲ ಅಂತ ದುಡ್ಡೂ ಕಮ್ಮಿ. ಕೊನೆಗೆ ಪುಕ್ಕಟೆ ಸಿಗುವ ಪಿಸ್ತೂಲ್ ಹಿಡಿದು ಬರುತ್ತಾನೆ, ನಾವು ಅದಕ್ಕೂ ನಗುತ್ತೇವೆ. ಜೊತೆಯವನಿಗೆ ನಮ್ಮ ದುಡ್ಡಿನಲ್ಲಿ ಬಂದೂಕು ಕೊಡಿಸುವ ಸೌಲಭ್ಯ ಆಟದಲ್ಲೇ ಇದೆ. ಕೈಯಲ್ಲಿ ಆರೇಳು ಸಾವಿರ ಇಟ್ಟುಕೊಂಡು ಮೈಕಿನಲ್ಲಿ ಭಾಷಣ ಬಿಗಿಯುವ ಶ್ರೀಮಂತರನ್ನು ಕಂಡರೆ ನನಗೆ ಆ ನೂಬನಿಗಿಂತ ಇವರ ಮೇಲೇ ಸಿಟ್ಟು ಬರುತ್ತದೆ.

ಸರಿ, ನಿಜವಾಗಿಯೂ ಆಡೋಕೆ ಬರಲ್ಲ ಅಂತಲೇ ಇಟ್ಟುಕೊಳ್ಳೋಣ. ಏನು ಹೇಳಬೇಕು? ‘ಸರಿಯಾಗಿ ಆಡೋ’ ಅಂದರೆ ಅವನಿಗೆ ಏನೂ ತಿಳಿಯುವುದಿಲ್ಲ. ‘ಎ ಸೈಟಿನಲ್ಲಿ ಇಬ್ಬರು, ನೀನು ನನ್ನ ಹಿಂದೆ ಬಾ’ ಅಂದರೆ ತಿಳಿಯುತ್ತದೆ. ಮುಂದಿನ ಅರ್ಧ ನಿಮಿಷಕ್ಕೆ ಒಂದೇ ಕೆಲಸ ಕೊಡಿ, ಕಳೆದ ಸುತ್ತಿನ ತಪ್ಪು ಎತ್ತಬೇಡಿ. ಭಾಷೆ ಬರದಿದ್ದರೆ ಪಿಂಗ್ ಇದೆ, ನಕ್ಷೆಯ ಮೇಲೆ ಗುರುತು ಹಾಕಿದರೆ ಸಾಕು. ಟೀಮಿನಲ್ಲಿ ಅವನೊಬ್ಬನೇ ಬದುಕಿದ್ದಾಗಂತೂ ಬಾಯಿ ಮುಚ್ಚಿಕೊಂಡಿರಬೇಕು. ಎದುರಾಳಿಯ ಹೆಜ್ಜೆ ಸದ್ದು ಕೇಳಿಸಿಕೊಂಡು ಆಡುವ ಹೊತ್ತು ಅದು. ಸತ್ತ ನಾಲ್ವರೂ ಅವನ ಪರದೆ ನೋಡುತ್ತಾ ‘ಲೆಫ್ಟ್ ಲೆಫ್ಟ್, ಹಿಂದೆ ಹಿಂದೆ’ ಅಂತ ಕಿರುಚಿದರೆ ಕೈ ನಡುಗದೆ ಇರುತ್ತಾ?

ಬಿಜಿಎಂಐನಲ್ಲಿ ಸಮಸ್ಯೆ ಸ್ವಲ್ಪ ಬೇರೆ. ಅಲ್ಲಿ ಜೊತೆಯವನು ಒಬ್ಬನೇ ನಕ್ಷೆಯಲ್ಲಿರುವ ಪೊಚಿಂಕಿ ಊರಿಗೆ ಧುಮುಕಿ, ಎರಡೇ ನಿಮಿಷದಲ್ಲಿ ನಾಕ್ ಆಗಿ, ಅಂದರೆ ಏಟು ತಿಂದು ನೆಲಕ್ಕೆ ಬಿದ್ದು, ‘ರಿವೈವ್ ಮಾಡ್ರೋ’ ಅಂತ ಅರಚುತ್ತಾನೆ. ನೀವು ಅರ್ಧ ಕಿಲೋಮೀಟರ್ ಆಚೆ. ಓಡಿಹೋಗಿ ನೀವೂ ಸಾಯಬೇಡಿ, ಅದು ದಯೆಯಲ್ಲ. ಕೆಲವರು ಇದ್ದಕ್ಕಿದ್ದಂತೆ ಮರದ ಹಾಗೆ ನಿಂತುಬಿಡುತ್ತಾರೆ. ಮಲೆನಾಡಿನ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗೆ ಕೈಕೊಡುತ್ತದೆ ಅಂತ ಆಡಿದವರಿಗೆ ಗೊತ್ತು. ಹಳೆ ಫೋನು ಬಿಸಿಯಾಗಿ ತಡವರಿಸುವುದೂ ಉಂಟು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ಗಂಟೆ ಅಂತ ಆಟಕ್ಕೇ ಮಿತಿ ಹಾಕಿದ್ದಾರೆ. ಇವೆಲ್ಲ ಅವನ ಕೈಯಲ್ಲಿಲ್ಲದ ಮಾತು.

ಬೇಕಂತಲೇ ಆಟ ಕೆಡಿಸುವವರು ಬೇರೆಯೇ ಜಾತಿ. ಸ್ವಂತ ಟೀಮಿನವರ ಕಾಲಬುಡಕ್ಕೆ ಗ್ರೆನೇಡ್ ಎಸೆಯುವುದು, ಆಟ ಶುರುವಾದ ಮೇಲೆ ಎದ್ದುಹೋಗುವುದು, ಹುಡುಗಿಯ ದನಿ ಕೇಳಿದ ಕೂಡಲೇ ಅಸಹ್ಯ ಮಾತಾಡುವುದು. ಇಂಥವರಿಗೆ ಬುದ್ಧಿ ಹೇಳಲು ಹೋಗಿ ನಿಮ್ಮ ಸಂಜೆ ಹಾಳು ಮಾಡಿಕೊಳ್ಳಬೇಡಿ. ಮ್ಯೂಟ್ ಮಾಡಿ, ರಿಪೋರ್ಟ್ ಕೊಡಿ, ಆಟ ಮುಂದುವರಿಸಿ. ಬೈಗುಳವನ್ನು ಪಠ್ಯದಲ್ಲಿ ಟೈಪ್ ಮಾಡುತ್ತಾ ಕೂತರೆ ಅಷ್ಟು ಹೊತ್ತು ನೀವೂ ಮರದ ಹಾಗೆ ನಿಂತವರೇ.

ಎಲ್ಲಕ್ಕಿಂತ ಕಷ್ಟದ್ದು ಸ್ವಂತ ಸ್ನೇಹಿತ. ಅಪರಿಚಿತನಾದರೆ ಮ್ಯೂಟ್ ಮಾಡಬಹುದು, ಒಟ್ಟಿಗೆ ಓದಿದವನನ್ನು ಹೇಗೆ ಮಾಡುವುದು? ಅವನ ಜೊತೆ ರ‍್ಯಾಂಕ್ ಇಲ್ಲದ ಆಟ ಆಡಿ, ಅದೇ ಸುಲಭ. ವ್ಯಾಲರಂಟಿನ ರ‍್ಯಾಂಕ್ ಆಟದಲ್ಲಿ ಇಬ್ಬರೋ ಮೂವರೋ ಗುಂಪಾಗಿ ಹೋಗುವಾಗ ಅವರ ರ‍್ಯಾಂಕುಗಳ ನಡುವೆ ಅಂತರ ತುಂಬಾ ಇದ್ದರೆ ಒಳಗೇ ಬಿಡುವುದಿಲ್ಲ. ಐವರೂ ಗೆಳೆಯರೇ ಆದರೆ ಬಿಡುತ್ತಾರೆ, ಆದರೆ ಅಂತರ ದೊಡ್ಡದಿದ್ದಷ್ಟೂ ಗೆದ್ದಾಗ ಸಿಗುವ ಅಂಕ ಕಮ್ಮಿ. ನಾಲ್ವರ ಗುಂಪಿಗಂತೂ ಅಲ್ಲಿ ಪ್ರವೇಶವೇ ಇಲ್ಲ. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ನಾಲ್ವರು ಗೆಳೆಯರ ನಡುವೆ ಸಿಕ್ಕಿಬಿದ್ದ ಆ ಐದನೆಯ ಅಪರಿಚಿತ ಎಷ್ಟೇ ಚೆನ್ನಾಗಿ ಆಡಿದರೂ ಸೋತಾಗ ತಪ್ಪು ಯಾರದ್ದು ಅಂತ ಮೊದಲೇ ತೀರ್ಮಾನವಾಗಿರುತ್ತದೆ.

ನಮಸ್ಕಾರ.