ಸೆಟ್ಟಿನ ಭಾರ ಹೊರುವ ಹಲ್ಲುಗಳು

ಕೇಳುಗರಿಗೆ ನಮಸ್ಕಾರ.

ಮೂರ್ನಾಲ್ಕು ಹಲ್ಲು ಕಳೆದುಕೊಂಡವರು ತೆಗೆದು ಹಾಕುವ ಸೆಟ್ ಮಾಡಿಸಲು ಬಂದಾಗ ಕೇಳುವುದು ಎರಡೇ ಪ್ರಶ್ನೆ. ನೋಡೋಕೆ ಚೆನ್ನಾಗಿರುತ್ತಾ? ಅಗಿಯೋಕೆ ಆಗುತ್ತಾ? ಬಾಯಲ್ಲಿ ಉಳಿದಿರುವ ಹಲ್ಲುಗಳ ಗತಿಯೇನು ಅಂತ ಕೇಳುವವರು ಅಪರೂಪ. ದಂತವೈದ್ಯನಾಗಿ ನನಗೆ ಅದೇ ಮೊದಲ ಪ್ರಶ್ನೆ. ಈ ಸೆಟ್ ನಿಲ್ಲುವುದು ಪಕ್ಕದ ಹಲ್ಲುಗಳನ್ನು ಹಿಡಿದುಕೊಂಡು ತಾನೇ?

ಹಲ್ಲಿನ ಬೇರು ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಮೇಲಿಂದ ನೇರವಾಗಿ ಬೀಳುವ ಭಾರವನ್ನು ಆ ನಾರುಗಳು ಹಂಚಿಕೊಂಡು ತಡೆಯುತ್ತವೆ. ಪಕ್ಕದಿಂದ ತಳ್ಳಿದರೆ ಮಾತ್ರ ಕಷ್ಟ. ಹಾಗಾಗಿ ಭಾರ ಬೇರಿನ ದಿಕ್ಕಿಗೇ ಇಳಿಯುವ ಹಾಗೆ ಸೆಟ್ ಮಾಡಬೇಕು.

ಇದಕ್ಕೆ ಇರುವುದೇ 'ರೆಸ್ಟ್' ಎಂಬ ಪುಟ್ಟ ಲೋಹದ ತುಂಡು. ಅದು ಹಲ್ಲಿನ ಮೇಲೆ ಕೂರುತ್ತದೆ. ಕೂರಲು ಅಂಚಿನಲ್ಲಿ ಒಂದು, ಒಂದೂವರೆ ಮಿಲಿಮೀಟರ್ ತಗ್ಗು ಮಾಡಬೇಕು. "ಒಳ್ಳೇ ಹಲ್ಲನ್ನ ಸುಮ್ನೆ ಯಾಕೆ ಕೊರೀತೀರಿ ಡಾಕ್ಟ್ರೇ?" ಅಂತ ಕೇಳುತ್ತಾರೆ. ಕೊರೆಯುವುದು ಆ ಹಲ್ಲಿನ ಒಳ್ಳೆಯದಕ್ಕೇ. ತಗ್ಗಿನ ತಳ ಹಲ್ಲಿನ ನಡುಭಾಗದ ಕಡೆಗೆ ಇಳಿಜಾರಾಗಿರಬೇಕು. ಹೊರಕ್ಕೆ ಇಳಿಜಾರಾದರೆ ರೆಸ್ಟ್ ಜಾರಿ ಹಲ್ಲನ್ನೇ ತಳ್ಳುತ್ತದೆ. ರೆಸ್ಟೇ ಇಲ್ಲದಿದ್ದರೆ ಇಡೀ ಸೆಟ್ ದಿನೇ ದಿನೇ ಒಸಡಿನೊಳಗೆ ಇಳಿಯುತ್ತದೆ. ಬರೀ ತಂತಿಯ ಕೊಕ್ಕೆ ಹಾಕಿದ ಅಕ್ರಿಲಿಕ್ ಸೆಟ್ಟುಗಳಲ್ಲಿ, ಅದರಲ್ಲೂ ಕೆಳದವಡೆಯಲ್ಲಿ, ಇದನ್ನು ಜಾಸ್ತಿ ಕಾಣುತ್ತೇವೆ. ಪ್ಲೇಟಿನ ಅಂಚು ಒತ್ತಿ ಒತ್ತಿ ಒಳಬದಿಯ ಒಸಡು ಸವೆಯುತ್ತದೆ, ಬೇರು ಹೊರಗೆ ಕಾಣಿಸುತ್ತದೆ.

ಇನ್ನು ಕೊಕ್ಕೆ. ಬಿಗಿಯಾಗಿದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಕೊಕ್ಕೆಯ ತುದಿ ಹಲ್ಲಿನ ಉಬ್ಬನ್ನು ದಾಟಿ ಕೆಳಗಿನ ತಗ್ಗಿನಲ್ಲಿ ಕೂರುತ್ತದೆ. ಎರಕ ಹೊಯ್ದ ಕೋಬಾಲ್ಟ್ ಕ್ರೋಮಿಯಂ ಕೊಕ್ಕೆಗೆ ಆ ತಗ್ಗು 0.25 ಮಿಲಿಮೀಟರ್ ಇದ್ದರೆ ಸಾಕು. ಚೆನ್ನಾಗಿ ಬಾಗುವ ತಂತಿಯಾದರೆ 0.5ರವರೆಗೂ ಹೋಗಬಹುದು. ಹಾಕುವಾಗ, ತೆಗೆಯುವಾಗ ತುದಿ ಉಬ್ಬನ್ನು ದಾಟುತ್ತದಲ್ಲ, ಆಗ ಹಲ್ಲು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಅದನ್ನು ತಡೆಯಲು ಎದುರು ಬದಿಯಲ್ಲಿ ಇನ್ನೊಂದು ತೋಳು ಬೇಕು. ಸೆಟ್ ಪೂರ್ತಿ ಕೂತ ಮೇಲೆ ಕೊಕ್ಕೆ ಹಲ್ಲನ್ನು ಒತ್ತಲೇಬಾರದು.

ನಿಜವಾದ ತಲೆನೋವು ಹಿಂದಿನ ದವಡೆ ಹಲ್ಲುಗಳೆಲ್ಲ ಹೋದವರದ್ದು. ದಂತವೈದ್ಯ ಎಡ್ವರ್ಡ್ ಕೆನಡಿ 1925ರಲ್ಲಿ ಹಲ್ಲಿಲ್ಲದ ಜಾಗಗಳನ್ನು ನಾಲ್ಕು ವರ್ಗ ಮಾಡಿದರು. ಮೊದಲೆರಡು ವರ್ಗ ಇಂಥವೇ. ಸೆಟ್ಟಿನ ಮುಂದಿನ ತುದಿಗೆ ಹಲ್ಲಿನ ಆಸರೆ, ಹಿಂದಿನ ತುದಿಗೆ ಬರೀ ಒಸಡು. ಅಗಿದಾಗ ಹಲ್ಲು ಕೂದಲೆಳೆಯಷ್ಟೂ ಇಳಿಯುವುದಿಲ್ಲ, ಮೆತ್ತನೆಯ ಒಸಡು ಅದರ ಎಷ್ಟೋ ಪಟ್ಟು ತಗ್ಗುತ್ತದೆ. ಸೆಟ್ ಹಿಂದಕ್ಕೆ ವಾಲುತ್ತದೆ, ಕೊನೆಯ ಹಲ್ಲು ತಿರುಚಿಸಿಕೊಳ್ಳುತ್ತದೆ. ನೆಟ್ಟ ಗೂಟ ಕೀಳುವ ಮುಂಚೆ ಅಲ್ಲಾಡಿಸಿ ಅಲ್ಲಾಡಿಸಿ ಸಡಿಲ ಮಾಡ್ತೀವಲ್ಲ, ಅದೇ ಕೆಲಸ ಇಲ್ಲಿ ಪ್ರತಿ ಊಟಕ್ಕೂ ನಡೆಯುತ್ತದೆ.

ಇದಕ್ಕೊಂದು ಜಾಣ ಉಪಾಯವಿದೆ. ರೆಸ್ಟನ್ನು ಹಲ್ಲಿನ ಹಿಂಬದಿಗೆ ಇಡದೆ ಮುಂಬದಿಗೆ ಇಡುವುದು, ಒಸಡಿನ ಕಡೆಯಿಂದ ನೆಟ್ಟಗೆ ಬರುವ ತೆಳು ಕೊಕ್ಕೆ ಹಾಕುವುದು. ಆಗ ಸೆಟ್ ಹಿಂದೆ ಇಳಿದಾಗ ಕೊಕ್ಕೆಯ ತುದಿ ಹಲ್ಲನ್ನು ಎಳೆಯುವ ಬದಲು ಅದರಿಂದ ಸರಿದುಕೊಳ್ಳುತ್ತದೆ. ಆರ್‌ಪಿಐ ಅಂತ ಕರೆಯುವುದು ಇದನ್ನೇ. ಜೊತೆಗೆ ಒಸಡಿನ ಮೇಲಿನ ಭಾಗ ಆದಷ್ಟು ಅಗಲವಾಗಿರಬೇಕು. ಇಷ್ಟಾದರೂ ಕೊನೆಯ ಹಲ್ಲಿಗೆ ಬೇರಿನ ಸುತ್ತ ಎಲುಬು ಕಮ್ಮಿಯಿದ್ದರೆ, ಸೆಟ್ ಬೇಕೇ ಅಂತ ಎರಡು ಸಲ ಯೋಚಿಸುವುದು ಮೇಲು. ಮುಂದಿನ ಹಲ್ಲು, ಕಿರುದವಡೆ ಹಲ್ಲುಗಳಷ್ಟರಲ್ಲೇ ಚೆನ್ನಾಗಿ ಊಟ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಕೊಕ್ಕೆಯ ಕೆಳಗೆ ಕೊಳೆ ಕೂತರೆ ಹಲ್ಲು ಹುಳುಕಾಗುತ್ತದೆ. ಒಸಡಿನ ಅಂಚಿನಲ್ಲೂ ಕೊಳೆ ಕೂರಬಾರದು. ಅದಕ್ಕೇ ಕೆಳದವಡೆಯಲ್ಲಿ ಸೆಟ್ಟಿನ ಎರಡು ಬದಿಗಳನ್ನು ಜೋಡಿಸುವ ಲೋಹದ ಪಟ್ಟಿಯನ್ನು ಒಸಡಿನ ಅಂಚಿನಿಂದ ಮೂರ್ನಾಲ್ಕು ಮಿಲಿಮೀಟರ್ ದೂರ ಇಡುತ್ತೇವೆ. ರಾತ್ರಿ ಸೆಟ್ ತೆಗೆದು, ತೊಳೆದು, ನೀರಿನಲ್ಲಿಡಿ. ಕೊಕ್ಕೆ ಕೂರುವ ಹಲ್ಲನ್ನು ಒಳಬದಿ, ಹೊರಬದಿ, ಸಂದಿ ಎಲ್ಲ ಸೇರಿಸಿ ಉಜ್ಜಿ.

ಆಗಾಗ ಒಂದು ಪರೀಕ್ಷೆ ನೀವೇ ಮಾಡಿಕೊಳ್ಳಬಹುದು. ಸೆಟ್ ಹಾಕಿಕೊಂಡು ಹಿಂದಿನ ಕೃತಕ ಹಲ್ಲನ್ನು ಬೆರಳಿನಿಂದ ಒತ್ತಿ. ಮುಂದಿನ ಲೋಹದ ಭಾಗ ಮೇಲೆದ್ದರೆ ಕೆಳಗಿನ ಎಲುಬು ಸವೆದಿದೆ ಎಂದರ್ಥ. ಕೊಕ್ಕೆ ಬಿಗಿ ಮಾಡಿ ಅಂತ ಕೇಳಬೇಡಿ, ಅದರಿಂದ ಹಲ್ಲಿಗೆ ಇನ್ನಷ್ಟು ಪೆಟ್ಟು. ಒಸಡಿನ ಕಡೆಗೆ ಹೊಸ ಪದರ ಹಾಕಿಸಿ, ಅಂದರೆ ರೀಲೈನ್ ಮಾಡಿಸಿ. ನಮಸ್ಕಾರ.