ಮೊದಲು ತಿಳಿದವರ ಹೊಣೆ

ಮಾನ್ಯ ಸಭಿಕರೆ,

1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆಂದು ಬಂದಿದ್ದ ಹೋಮಿ ಭಾಭಾ ಅವರು ಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದು, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಸಂಶೋಧನೆಯಲ್ಲಿ ತೊಡಗಿದರು. ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಕೆಲಸ ಆರಂಭಿಸಿದ್ದು ಮುಂಬಯಿಯಲ್ಲಲ್ಲ, ಬೆಂಗಳೂರಿನ ಅದೇ ಆವರಣದಲ್ಲಿ. ಅದೇ ಜೂನ್‌ನಲ್ಲಿ ಅಮೆರಿಕದ ವಿಜ್ಞಾನಿಗಳು ತಮ್ಮ ಸರ್ಕಾರಕ್ಕೆ, ಐದು ದಿನಗಳ ಅಂತರದಲ್ಲಿ, ಪರಮಾಣು ಬಾಂಬಿನ ಬಳಕೆಯ ಬಗ್ಗೆ ಒಂದಕ್ಕೊಂದು ಒಪ್ಪದ ಎರಡು ಸಲಹೆಗಳನ್ನು ಬರೆದುಕೊಟ್ಟರು. ವಿಜ್ಞಾನಿಯ ನೈತಿಕ ಹೊಣೆಯ ಪ್ರಶ್ನೆಯೆಲ್ಲ ಆ ಎರಡರ ನಡುವೆ ಇದೆಯೆಂಬುದು ನನ್ನ ತಿಳಿವಳಿಕೆ.

ಜೂನ್ 11ರ ವರದಿ ಶಿಕಾಗೋದ ಏಳು ಜನರದು. ಅವರ ಮುಖಂಡರು ನೊಬೆಲ್ ಪುರಸ್ಕೃತ ಜೇಮ್ಸ್ ಫ್ರಾಂಕ್. ಈ ಅಸ್ತ್ರದ ಗುಟ್ಟನ್ನು ಹೆಚ್ಚು ವರ್ಷ ಬಚ್ಚಿಡಲಾಗದು, ಮುನ್ಸೂಚನೆಯಿಲ್ಲದೆ ಜಪಾನಿನ ಮೇಲೆ ಹಾಕಿದರೆ ಶಸ್ತ್ರಾಸ್ತ್ರ ಪೈಪೋಟಿ ಖಂಡಿತ, ಆದ್ದರಿಂದ ಜಗತ್ತಿನ ಪ್ರತಿನಿಧಿಗಳ ಎದುರು ನಿರ್ಜನ ಪ್ರದೇಶದಲ್ಲಿ ಅದನ್ನು ಸ್ಫೋಟಿಸಿ ತೋರಿಸಿರಿ ಎಂದು ಅವರು ಬರೆದರು. ಜೂನ್ 16ರ ಸಲಹೆ ಓಪನ್‌ಹೈಮರ್, ಫರ್ಮಿ, ಲಾರೆನ್ಸ್ ಮತ್ತು ಕಾಂಪ್ಟನ್ ಅವರ ವೈಜ್ಞಾನಿಕ ಸಮಿತಿಯದು. ಯುದ್ಧವನ್ನು ನಿಲ್ಲಿಸಬಲ್ಲಂಥ ಪ್ರದರ್ಶನವನ್ನು ತಾವು ಸೂಚಿಸಲಾರೆವು, ನೇರ ಸೈನಿಕ ಬಳಕೆಯ ಹೊರತು ಒಪ್ಪಬಹುದಾದ ಬೇರೆ ದಾರಿ ತಮಗೆ ಕಾಣುತ್ತಿಲ್ಲ ಎಂದು ಆ ನಾಲ್ವರು ಹೇಳಿದರು. ಅದೇ ಪತ್ರದಲ್ಲಿ, ರಾಜಕೀಯ ಮತ್ತು ಸೈನಿಕ ಸಮಸ್ಯೆಗಳನ್ನು ಬಗೆಹರಿಸುವ ವಿಶೇಷ ಸಾಮರ್ಥ್ಯ ತಮಗಿದೆಯೆಂದು ತಾವು ಹೇಳಿಕೊಳ್ಳುವುದಿಲ್ಲವೆಂದೂ ಬರೆದರು. ಇದನ್ನು ವಿನಯವೆಂದು ಕರೆಯಲು ನನಗೆ ಮನಸ್ಸಿಲ್ಲ. ಸಾಮರ್ಥ್ಯವಿಲ್ಲದವರು ಬಳಕೆಯ ಪರವಾಗಿ ಅಭಿಪ್ರಾಯ ಕೊಡುವುದಾದರೂ ಹೇಗೆ?

ಹಾಗಾದರೆ ವಿಜ್ಞಾನಿಗೆ ನಿಜವಾಗಿ ಇರುವ ವಿಶೇಷ ಸಾಮರ್ಥ್ಯ ಯಾವುದು? ಎಲ್ಲರಿಗಿಂತ ಮೊದಲು ತಿಳಿದಿರುವುದು. 1940ರ ಮಾರ್ಚ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಇಬ್ಬರು ನಿರಾಶ್ರಿತ ಭೌತವಿಜ್ಞಾನಿಗಳು, ಆಟ್ಟೊ ಫ್ರಿಷ್ ಮತ್ತು ರುಡಾಲ್ಫ್ ಪೈಯರ್ಲ್ಸ್, ಬಾಂಬಿಗೆ ಟನ್‌ಗಟ್ಟಲೆ ಯುರೇನಿಯಂ ಬೇಡ, ಅದರ ವಿರಳ ರೂಪವಾದ ಯುರೇನಿಯಂ-235 ಕೆಲವೇ ಕಿಲೋ ಸಾಕೆಂದು ಲೆಕ್ಕ ಹಾಕಿ ಬ್ರಿಟಿಷ್ ಸರ್ಕಾರಕ್ಕೆ ತಿಳಿಸಿದರು. (ಅವರು ಅಂದಾಜಿಸಿದ ಮೊತ್ತ ನಿಜಕ್ಕಿಂತ ಬಹಳ ಕಡಿಮೆಯಿತ್ತು, ಆದರೂ ಲೆಕ್ಕದ ದಿಕ್ಕು ಸರಿಯಿತ್ತು.) ಅವರ ಬರಹಕ್ಕೆ ಇನ್ನೊಂದು ಭಾಗವಿತ್ತು. ವಿಕಿರಣ ಗಾಳಿಯೊಡನೆ ಹರಡುತ್ತದೆ, ಬಹುಸಂಖ್ಯೆಯ ನಾಗರಿಕರನ್ನು ಕೊಲ್ಲದೆ ಈ ಬಾಂಬನ್ನು ಬಳಸಲು ಬಹುಶಃ ಸಾಧ್ಯವಿಲ್ಲ, ಆ ಕಾರಣಕ್ಕೆ ಬ್ರಿಟನ್ ಇದನ್ನು ಬಳಸುವುದು ತಕ್ಕುದಲ್ಲದಿರಬಹುದು ಎಂದು ಅದರಲ್ಲಿ ಹೇಳಿದ್ದರು. ಹಿಟ್ಲರನ ಕೈಗೆ ಇದು ಮೊದಲು ಸಿಕ್ಕರೆ ಏನು ಗತಿ ಎಂಬ ಭಯ ಅವರನ್ನೂ ಮುಂದೆ ಅಮೆರಿಕದ ಬಾಂಬು ತಯಾರಾಗುತ್ತಿದ್ದ ಲಾಸ್ ಅಲಮಾಸ್‌ಗೆ ಕರೆದೊಯ್ದಿತು. ಆದ್ದರಿಂದ ಅವರನ್ನು ಸಂತರೆನ್ನಲಾರೆ. ಆದರೆ ಹೇಗೆ ಮಾಡಬಹುದು ಎಂಬುದನ್ನು ಬರೆದ ಕೈಗಳೇ, ಮಾಡಿದರೆ ಏನಾಗುತ್ತದೆ ಎಂಬುದನ್ನೂ ಯಾರೂ ಕೇಳುವ ಮೊದಲೇ ಬರೆದಿಟ್ಟವು.

ಆ ಭಯ ತೀರಿದ ಮೇಲೆ ಏನಾಯಿತೆಂಬುದು ಇನ್ನೂ ಕಠಿಣವಾದ ಪ್ರಶ್ನೆ. 1944ರ ಕೊನೆಯ ಹೊತ್ತಿಗೆ ಜರ್ಮನಿ ಬಾಂಬಿನ ಪ್ರಯತ್ನವನ್ನು ಕೈಬಿಟ್ಟಿದೆಯೆಂಬ ಸುದ್ದಿ ಬಂದಾಗ, ಅಂತಃಸಾಕ್ಷಿಯ ಕಾರಣಕ್ಕೆ ಲಾಸ್ ಅಲಮಾಸನ್ನು ಬಿಟ್ಟು ಹೋದವರು ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ ಒಬ್ಬರೇ. ಮುಂದೆ ಅವರು ಅಣ್ವಸ್ತ್ರಗಳ ಅಪಾಯವನ್ನು ಚರ್ಚಿಸಲು ವಿಜ್ಞಾನಿಗಳು ಸೇರುವ ಪಗ್‌ವಾಷ್ ಸಮ್ಮೇಳನಗಳನ್ನು ಕಟ್ಟಿ, 1995ರಲ್ಲಿ ಶಾಂತಿಯ ನೊಬೆಲ್ ಪಡೆದರು. ಅವರ ನಿರ್ಗಮನವನ್ನು ಹೊಗಳುವಾಗ ನಾವು ಮರೆಯುವ ಸಂಗತಿಯೊಂದಿದೆ: ಕಾರಣವನ್ನು ಸಹೋದ್ಯೋಗಿಗಳಿಗೆ ಹೇಳಬಾರದೆಂಬ ಷರತ್ತಿಗೆ ಒಪ್ಪಿ ಅವರು ಹೊರಟರು. ಅವರ ಕೈಗಳು ಶುದ್ಧವಾಗಿ ಉಳಿದವು, ನಿಜ; ಉಳಿದವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯೂ ಅವರೊಂದಿಗೇ ಹೊರಟುಹೋಯಿತು. ಮಾತಿಲ್ಲದ ನಿರಾಕರಣೆಯನ್ನು ನಾನು ಅರ್ಧ ಹೊಣೆಯೆಂದೇ ಎಣಿಸುತ್ತೇನೆ.

ನಮ್ಮ ದೇಶದ ಕಡೆಗೆ ನೋಡೋಣ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಡೆದ ಸ್ಫೋಟವನ್ನು ಸರ್ಕಾರ ಶಾಂತಿಯುತ ಪ್ರಯೋಗವೆಂದು ಸಾರಿತು. ಅದಕ್ಕೆ ಬೇಕಾದ ಪ್ಲುಟೋನಿಯಂ ಬಂದದ್ದು ಕೆನಡಾದ ನೆರವಿನಿಂದ ಟ್ರಾಂಬೆಯಲ್ಲಿ ಕಟ್ಟಿದ ಸೈರಸ್ ರಿಯಾಕ್ಟರಿನಿಂದ. ಆ ಕೆಲಸದ ಮುಂದಾಳುಗಳಲ್ಲಿ ಪ್ರಮುಖರಾದ ರಾಜಾ ರಾಮಣ್ಣನವರು ನಮ್ಮವರೇ. ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು, ಪಿಯಾನೊ ನುಡಿಸುತ್ತಿದ್ದವರು, ಈ ಊರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರು. ಪೋಖ್ರಾನ್‌ನಲ್ಲಿ ಸಿಡಿದದ್ದು ಬಾಂಬೇ ಎಂದು ಅವರೇ 1997ರಲ್ಲಿ ಬಹಿರಂಗವಾಗಿ ಹೇಳಿದರು. ಚೀನಾ 1964ರಲ್ಲೇ ಬಾಂಬು ಪರೀಕ್ಷಿಸಿತ್ತು. ನಮಗೂ ಬೇಕೆಂದು ವಾದಿಸಿದವರೆಲ್ಲ ಯುದ್ಧಪ್ರಿಯರಾಗಿರಲಿಲ್ಲ. ನನ್ನ ತಕರಾರು ಬೇರೆ. ಚುನಾಯಿತ ಸರ್ಕಾರ ನಿರ್ಧರಿಸಲಿ, ವಿಜ್ಞಾನಿ ನೌಕರನಷ್ಟೆ ಎಂದು ವಾದಿಸುವವರು, ಆ ಸರ್ಕಾರವನ್ನು ಚುನಾಯಿಸುವ ಜನ ಇಪ್ಪತ್ತಮೂರು ವರ್ಷ ಯಾವ ಮಾಹಿತಿಯ ಆಧಾರದ ಮೇಲೆ ಚರ್ಚೆ ಮಾಡಿದರು ಎಂಬುದಕ್ಕೂ ಉತ್ತರ ಕೊಡಬೇಕು.

ಗುಟ್ಟು ಕಾಪಾಡುವ ಪ್ರತಿಜ್ಞೆ ಮಾಡಿದವನು ಬಾಯಿ ಬಿಡುವುದು ಹೇಗೆ ಎಂದು ನೀವು ಕೇಳಬಹುದು. ಬಾಂಬಿನ ರಚನೆ ಬೇರೆ, ಅದರ ಪರಿಣಾಮ ಬೇರೆ. ಸೋವಿಯತ್ ಹೈಡ್ರೋಜನ್ ಬಾಂಬಿನ ಒಳಗಿನವರೇ ಆದ ಆಂದ್ರೇ ಸಖರೋವ್, ವಾತಾವರಣದಲ್ಲಿ ನಡೆಯುವ ಪರೀಕ್ಷೆಗಳಿಂದ ಹುಟ್ಟುವ ವಿಕಿರಣಶೀಲ ಇಂಗಾಲ ಸಾವಿರಾರು ವರ್ಷ ಎಷ್ಟು ಜೀವಗಳನ್ನು ತೆಗೆದುಕೊಳ್ಳುತ್ತದೆಂದು ಲೆಕ್ಕ ಹಾಕಿ 1958ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್, ಪರೀಕ್ಷೆಗಳನ್ನು ನಿಲ್ಲಿಸಿರೆಂದು ಕೋರುವ, ಸಾವಿರಾರು ವಿಜ್ಞಾನಿಗಳ ಸಹಿಯಿದ್ದ ಮನವಿಯನ್ನು ವಿಶ್ವಸಂಸ್ಥೆಗೆ ಒಪ್ಪಿಸಿದರು. 1963ರಲ್ಲಿ ವಾತಾವರಣದ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿ ಬಿತ್ತು. ವಿಜ್ಞಾನಿಗಳಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಹಿಂದಿನ ವರ್ಷ ಜಗತ್ತನ್ನು ಅಣುಯುದ್ಧದ ಅಂಚಿಗೆ ತಂದಿದ್ದ ಕ್ಯೂಬಾ ಬಿಕ್ಕಟ್ಟಿನ ನಡುಕವೂ ಅದರಲ್ಲಿ ಸೇರಿತ್ತು. ಆದರೆ ಮಕ್ಕಳು ಕುಡಿಯುವ ಹಾಲಿನಲ್ಲಿ ಪರೀಕ್ಷೆಗಳಿಂದ ಬಂದ ವಿಕಿರಣಶೀಲ ಸ್ಟ್ರಾಂಷಿಯಂ ಇದೆಯೆಂದು ತಾಯಂದಿರಿಗೆ ತಿಳಿಸಿದವರು ವಿಜ್ಞಾನಿಗಳೇ.

ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ ಎಂಬುದು ಉಳಿದ ವಾದ. ಇದಕ್ಕೆ ಹಾನ್ಸ್ ಬೇಟೆ ಅವರ ಉತ್ತರ ನನಗೆ ಸರಿಯೆನಿಸುತ್ತದೆ. ಲಾಸ್ ಅಲಮಾಸ್‌ನ ಸೈದ್ಧಾಂತಿಕ ವಿಭಾಗದ ಮುಖ್ಯಸ್ಥರಾಗಿದ್ದ ಅವರು, ಹಿರೋಷಿಮಾದ ಐವತ್ತನೆಯ ವರ್ಷದಲ್ಲಿ, ಹೊಸ ಪರಮಾಣು ಅಸ್ತ್ರಗಳನ್ನು ರೂಪಿಸುವ, ಸುಧಾರಿಸುವ ಕೆಲಸವನ್ನು ನಿಲ್ಲಿಸಿರೆಂದು ಕರೆ ಕೊಟ್ಟದ್ದು ತಮ್ಮ ದೇಶದವರಿಗೆ ಮಾತ್ರವಲ್ಲ, ಎಲ್ಲ ದೇಶಗಳ ವಿಜ್ಞಾನಿಗಳಿಗೆ. ಒಬ್ಬೊಬ್ಬರ ನಿರಾಕರಣೆ ದುರ್ಬಲವೆಂಬ ಅರಿವು ಆ ಕರೆಯಲ್ಲೇ ಇದೆ. ಮೂರು ವರ್ಷ ಕಳೆಯುವಷ್ಟರಲ್ಲಿ, 1998ರ ಮೇ ತಿಂಗಳಲ್ಲಿ, ಪೋಖ್ರಾನ್‌ನಲ್ಲಿಯೂ ಪಾಕಿಸ್ತಾನದ ಚಾಗೈಯಲ್ಲಿಯೂ ಸ್ಫೋಟಗಳು ನಡೆದವು. ಎರಡೂ ದೇಶಗಳಲ್ಲಿ ಸಿಹಿ ಹಂಚಿದರು.

ಈ ಸಭೆಯಲ್ಲಿ ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳಲ್ಲಿ ದುಡಿಯುವವರೂ ಇರಬಹುದು. ನಾನು ಹೊರಗಿನವನು, ಅವರು ಒಳಗಿನವರು. ಪ್ರಶ್ನೋತ್ತರದಲ್ಲಿ ಮೊದಲು ಅವರು ಮಾತಾಡಬೇಕೆಂದು ಕೋರುತ್ತೇನೆ.