ಕ್ಯಾನ್ಸರ್ ಅಲ್ಲ, ಔಷಧಿಯೂ ಇಲ್ಲ: ಆ ‘ಎಂ ಬ್ಯಾಂಡ್’ ಏನು?

ನಮಸ್ಕಾರ. ಕುಮಟಾದ ವೀಕ್ಷಕರೊಬ್ಬರು ಕೇಳಿದ್ದಾರೆ. ಅವರ ಅಮ್ಮನ ರಕ್ತದ ರಿಪೋರ್ಟಿನಲ್ಲಿ ‘ಎಂ ಬ್ಯಾಂಡ್’ ಅಂತ ಬಂದಿದೆ. ಡಾಕ್ಟರ್ ಅದಕ್ಕೆ ಎಂಜಿಯುಎಸ್ (ರಕ್ತದಲ್ಲಿ ಒಂದು ಅಸಹಜ ಪ್ರೊಟೀನ್ ಕಾಣಿಸಿಕೊಳ್ಳುವ ಸ್ಥಿತಿ) ಅಂದರಂತೆ. ಕ್ಯಾನ್ಸರ್ ಅಲ್ಲ, ಮುಂದೆ ಆಗಲೂಬಹುದು, ಔಷಧಿ ಬೇಡ, ಆರು ತಿಂಗಳು ಬಿಟ್ಟು ಬನ್ನಿ. “ಅಲ್ಲಿವರೆಗೆ ಸುಮ್ನೆ ಕೂರೋದು ಹೇಗೆ?”

ಬೇಗ ಬೇಗ ಹೇಳಿಬಿಡುತ್ತೇನೆ. ಮೂಳೆಯ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳಿವೆ. ಸೋಂಕಿನ ವಿರುದ್ಧ ಪ್ರತಿಕಾಯ ಎಂಬ ಪ್ರೊಟೀನ್ ತಯಾರಿಸುವುದು ಅವುಗಳ ಕೆಲಸ. ಒಂದು ಕೋಶ ಬೆಳೆದು ಗುಂಪಾಗಿ, ಒಂದೇ ಥರದ ಪ್ರೊಟೀನ್ ಸುರಿಸತೊಡಗಿದರೆ ಅದು ಎಂ ಪ್ರೊಟೀನ್.

ಈಗ ನನಗಿಷ್ಟವಾದ ಭಾಗ.

[ತೆರೆಯ ಮೇಲೆ: ಎಲೆಕ್ಟ್ರೋಫೋರೆಸಿಸ್ ಗ್ರಾಫ್]

ಸೀರಮ್ಮಿಗೆ, ಅಂದರೆ ರಕ್ತದ ತಿಳಿ ಭಾಗಕ್ಕೆ, ವಿದ್ಯುತ್ ಹಾಯಿಸುತ್ತಾರೆ, ಪ್ರೊಟೀನ್‌ಗಳು ಓಡುತ್ತವೆ. ಈ ವಿದ್ಯೆಗೆ ಸ್ವೀಡನ್ನಿನ ಟಿಸೇಲಿಯಸ್ 1948ರಲ್ಲಿ ನೊಬೆಲ್ ಪಡೆದರು. ಎಡಗಡೆಯ ಎತ್ತರದ ಶಿಖರ ಆಲ್ಬುಮಿನ್. ಅದು ಎಲ್ಲರಿಗೂ ಇರುತ್ತದೆ, ಹೆದರಬೇಡಿ. ಬಲಗಡೆ ನೋಡಿ. ಆರೋಗ್ಯವಂತರಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ಪ್ರತಿಕಾಯಗಳು ಅಲ್ಲಲ್ಲಿ ನಿಲ್ಲುವುದರಿಂದ ತಗ್ಗಾದ, ಅಗಲವಾದ ಗುಡ್ಡ ಕಾಣುತ್ತದೆ. ಎಂ ಪ್ರೊಟೀನ್ ಎಲ್ಲವೂ ಒಂದೇ ಥರ, ಹಾಗಾಗಿ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಏಳುವ ಚೂಪು ಶಿಖರವೇ ‘ಎಂ ಬ್ಯಾಂಡ್’. ದುಂಡಗಿನ ಹಸಿರು ಗುಡ್ಡಗಳ ನಡುವೆ ಯಾಣದ ಬಂಡೆ ಎದ್ದು ನಿಂತ ಹಾಗೆ! ಯಾಣದಲ್ಲಿ ಭೈರವೇಶ್ವರ 120 ಮೀಟರ್, ಪಕ್ಕದ ಮೋಹಿನಿ 90 ಮೀಟರ್, ಅಲ್ವಾ? ಕೆಲವರ ಗ್ರಾಫಿನಲ್ಲೂ ಹೀಗೇ ಎರಡು ಶಿಖರ ಇರುತ್ತವೆ. ಎರಡು ಗುಂಪು, ಎರಡು ಪ್ರೊಟೀನ್. ಇದನ್ನು ಮೊದಲ ಸಲ ಓದಿದಾಗ ನಾನು ಗ್ರಾಫ್ ನೋಡುತ್ತಾ ಕೂತು ಚಹಾ ತಣ್ಣಗಾಗಿಹೋಯಿತು.

ಸರಿ, ಅಪಾಯ ಎಷ್ಟು? 50 ದಾಟಿದ 100 ಜನರಲ್ಲಿ ಸುಮಾರು 3 ಜನರಿಗೆ ಎಂಜಿಯುಎಸ್ ಇರುತ್ತದೆ ಎಂದು ಅಮೆರಿಕದ ಅಧ್ಯಯನ ಹೇಳುತ್ತದೆ. ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಮೈಲೋಮಾ (ಪ್ಲಾಸ್ಮಾ ಕೋಶಗಳ ಕ್ಯಾನ್ಸರ್) ಅಥವಾ ಅಂಥ ಕಾಯಿಲೆಯಾಗಿ ತಿರುಗುವುದು ವರ್ಷಕ್ಕೆ ಸರಾಸರಿ 100ಕ್ಕೆ 1. ಆದರೆ ಹತ್ತು ವರ್ಷ ಏನೂ ಆಗಲಿಲ್ಲ ಅಂತ ತಪಾಸಣೆ ಬಿಡುವ ಹಾಗಿಲ್ಲ, ಅಪಾಯ ಸೊನ್ನೆಯಾಗುವುದಿಲ್ಲ. ಎಂ ಪ್ರೊಟೀನ್ ಡೆಸಿಲೀಟರಿಗೆ 3 ಗ್ರಾಂ ಮುಟ್ಟಿದರೆ, ಅಥವಾ ಮಜ್ಜೆಯಲ್ಲಿ ಆ ಪ್ಲಾಸ್ಮಾ ಕೋಶಗಳು ನೂರಕ್ಕೆ 10 ಆದರೆ, ಅಂಗಗಳಿಗೆ ಹಾನಿ ಇಲ್ಲದಿದ್ದರೂ ಅದು ‘ಸ್ಮೋಲ್ಡರಿಂಗ್’, ಅಂದರೆ ಬೂದಿ ಮುಚ್ಚಿದ ಕೆಂಡದಂಥ ಹಂತ. ಅಲ್ಲಿ ಮೊದಲ ಐದು ವರ್ಷ ಅಪಾಯ ವರ್ಷಕ್ಕೆ 100ಕ್ಕೆ 10ರಷ್ಟು. ನಿಮ್ಮದು ಯಾವುದು ಅಂತ ಕೇಳಿಯೇ ಎದ್ದು ಬನ್ನಿ.

ಸುಮ್ನೆ ಕೂರಬೇಡಿ, ಫೈಲ್ ಇಡಿ. ಇಲ್ಲಿ ಮುಖ್ಯವಾದದ್ದು ಒಂದು ಸಲದ ಅಂಕೆ ಅಲ್ಲ, ಅದು ಏರುವ ವೇಗ. ನಮ್ಮ ಕಾರವಾರ, ಶಿರಸಿ ಕಡೆಯವರು ರಕ್ತರೋಗ ತಜ್ಞರಿಗಾಗಿ ಒಮ್ಮೆ ಮಣಿಪಾಲ, ಇನ್ನೊಮ್ಮೆ ಹುಬ್ಬಳ್ಳಿ, ಮತ್ತೊಮ್ಮೆ ಗೋವಾ ಅಂತ ಓಡುತ್ತೇವೆ. ಪ್ರತಿ ಸಲ ಬೇರೆ ಲ್ಯಾಬ್ ಆದರೆ ಅಂಕೆಗಳನ್ನು ಹೋಲಿಸುವುದೇ ಕಷ್ಟ. ಆದಷ್ಟು ಒಂದೇ ಲ್ಯಾಬ್ ಹಿಡಿಯಿರಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗಿನ ಬಗ್ಗೆ ಶುರು ಮಾಡಿದರೆ ಇವತ್ತು ಮುಗಿಯಲ್ಲ, ಬಿಡಿ.

ಟೈಮ್ ಆಯ್ತು, ಉಳಿದದ್ದು ಒಟ್ಟಿಗೆ. ಬೆನ್ನು, ಪಕ್ಕೆಲುಬಿನಲ್ಲಿ ಬಿಡದ ನೋವು, ಜಾಸ್ತಿ ಸುಸ್ತು, ಮೂತ್ರದಲ್ಲಿ ನೊರೆ, ಪಾದ ಜೋಮು ಹಿಡಿಯುವುದು, ತೂಕ ಇಳಿಯುವುದು: ಇದ್ದರೆ ದಿನಾಂಕಕ್ಕೆ ಕಾಯಬೇಡಿ. ಫ್ಲೂ, ನ್ಯುಮೋನಿಯಾ ಲಸಿಕೆ ಬಗ್ಗೆ ವಿಚಾರಿಸಿ. ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ, ಕಿಡ್ನಿಗೆ ಪೆಟ್ಟಾಗಬಹುದು. ಕಷಾಯದಿಂದ ಎಂ ಪ್ರೊಟೀನ್ ಕರಗುತ್ತದೆ ಅಂತ ಸಾಬೀತಾಗಿಲ್ಲ. ತಂಬುಳಿ ಕುಡಿಯಿರಿ, ರುಚಿಗೆ. ರಿಪೋರ್ಟಿನ ಫೋಟೋ ಮಾತ್ರ ನನಗೆ ಕಳಿಸಬೇಡಿ, ನಾನು ಡಾಕ್ಟರ್ ಅಲ್ಲ ಮಾರಾಯ್ರೇ.